ಲೇಹ್‌ನ ಬಸ್ ನಿಲ್ದಾಣವನ್ನು ಮುಂಜಾನೆ ಆರು ಗಂಟೆಯವರಿಗಾಗಿ ಕಟ್ಟಿ: ಒಂದು ಬಹಿರಂಗ ಪತ್ರ

ಲದ್ದಾಖ್ ಕೇಂದ್ರಾಡಳಿತ ಪ್ರದೇಶದ ಸಾರಿಗೆ ಮತ್ತು ಕಟ್ಟಡ ಇಲಾಖೆಗಳ ಅಧಿಕಾರಿಗಳಿಗೆ, ಹಾಗೂ ಬೆಂಗಳೂರು, ಮೈಸೂರು, ಧಾರವಾಡದಲ್ಲಿ ಕೂತು ದೂರದ ಚಳಿನಾಡಿನ ಕಟ್ಟಡಗಳಿಗೆ ನಕ್ಷೆ ಹಾಕುವ ನಮ್ಮ ಎಂಜಿನಿಯರ್, ಆರ್ಕಿಟೆಕ್ಟ್ ಮಕ್ಕಳಿಗೆ,

ನಮಸ್ಕಾರ.

ನಾನು ಧಾರವಾಡದವನು. ಮೂವತ್ತು ವರ್ಷ ಸಿವಿಲ್ ಕೆಲಸ ಮಾಡಿ ಈಗ ಮನೆಯಲ್ಲಿದ್ದೇನೆ. ಆ ಮೂವತ್ತರಲ್ಲಿ ಆರು ಚಳಿಗಾಲಗಳನ್ನು ಲೇಹ್ ಸುತ್ತಮುತ್ತ ಕಳೆದಿದ್ದೇನೆ. ಅಧಿಕಾರಿಗಳಿಗೆ ಈ ಪತ್ರದ ಇಂಗ್ಲಿಷ್ ಪ್ರತಿ ಬೇರೆಯಾಗಿ ಹೋಗುತ್ತದೆ. ಕನ್ನಡದಲ್ಲಿ ಬರೆಯುತ್ತಿರುವುದು ನಕ್ಷೆ ಹಾಕುವ ನಿಮ್ಮ ಕೈಗೆ ನೇರವಾಗಿ ಸಿಗಲಿ ಎಂದು. ನಾನು ಮಾಡಿದ ತಪ್ಪನ್ನು ನೀವು ಮಾಡಬಾರದು ಎಂಬ ಕಳಕಳಿಯಿಂದ ಬರೆಯುತ್ತಿದ್ದೇನೆ.

ಇದನ್ನು ಈಗಲೇ ಹೇಳುವುದಕ್ಕೆ ಕಾರಣವಿದೆ. ಲದ್ದಾಖಿನ ಚಳಿಗಾಲವೆಂದರೆ ಹಿಂದೆ ದಾರಿ ಮುಚ್ಚಿದ ಕಾಲ. ಹೊರಗಿನವರು ಬರುತ್ತಿರಲಿಲ್ಲ, ಒಳಗಿನವರು ತೀರಾ ಅನಿವಾರ್ಯವಾದರೆ ಮಾತ್ರ ಹೊರಡುತ್ತಿದ್ದರು. ಆ ಸ್ಥಿತಿ ಬದಲಾಗುತ್ತಿದೆ. 2020ರ ಅಕ್ಟೋಬರ್‌ನಲ್ಲಿ ಮನಾಲಿ ಕಡೆಯ ದಾರಿಯ ರೋಹ್ತಾಂಗ್ ಕಣಿವೆಮಾರ್ಗದ ಕೆಳಗೆ 9.02 ಕಿಲೋಮೀಟರ್‌ನ ಅಟಲ್ ಸುರಂಗ ತೆರೆಯಿತು. 2025ರ ಜನವರಿಯಲ್ಲಿ ಶ್ರೀನಗರ ಕಡೆಯ ದಾರಿಯಲ್ಲಿ ಸೋನಮಾರ್ಗ್ ಸುರಂಗ ತೆರೆಯಿತು. ಅದೇ ದಾರಿಯ ಜೋಜಿ ಲಾ ಕಣಿವೆಮಾರ್ಗದ ಕೆಳಗೂ ಸುರಂಗದ ಕೆಲಸ ನಡೆಯುತ್ತಿದೆ. ಶಿಂಕು ಲಾ ಸುರಂಗಕ್ಕೆ 2024ರ ಜುಲೈನಲ್ಲಿ ಮೊದಲ ಸಿಡಿತ ಆಯಿತು. ಇವೆಲ್ಲ ಮುಗಿದ ಮೇಲೆ ಜನವರಿಯಲ್ಲೂ ಬಸ್ಸು ಓಡುತ್ತದೆ, ಜನವರಿಯಲ್ಲೂ ಜನ ನಿಲ್ದಾಣದಲ್ಲಿ ಕಾಯುತ್ತಾರೆ. ರಸ್ತೆಗೆ ಸುರಿದ ದುಡ್ಡಿನಲ್ಲಿ ಒಂದು ಚಿಟಿಕೆಯಷ್ಟು ಈ ಕಾಯುವವರಿಗೂ ಸಿಗುತ್ತದೆ ಎಂದು ನಂಬಿದ್ದೇನೆ. ಆ ಚಿಟಿಕೆ ಎಲ್ಲಿ ಬೀಳಬೇಕು ಎಂಬುದೇ ನನ್ನ ಪತ್ರದ ವಿಷಯ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಆ ಸೀಮೆಯ ಒಂದು ಊರಿನಲ್ಲಿ ಪ್ರಯಾಣಿಕರ ತಂಗುದಾಣ ಕಟ್ಟಿಸುವ ಕೆಲಸ ನನ್ನ ಪಾಲಿಗೆ ಬಂತು. ನಕ್ಷೆ ಬಯಲುಸೀಮೆಯಿಂದ ಬಂದದ್ದು: ರಸ್ತೆಗೆ ಮುಖ, ಮುಂದೆ ದೊಡ್ಡ ಗಾಜು, ಅಲ್ಯೂಮಿನಿಯಂ ಚೌಕಟ್ಟು, ನುಣುಪಾದ ಟೈಲ್ಸ್, ತೂತು ತೂತಿನ ಸ್ಟೀಲ್ ಬೆಂಚು. ರಸ್ತೆ ಇದ್ದದ್ದು ಉತ್ತರಕ್ಕೆ. ಹಾಗಾಗಿ ಗಾಜೂ ಉತ್ತರಕ್ಕೆ ನಿಂತಿತು. ನಾನು ಕೇಳಬಹುದಿತ್ತು, ಕೇಳಲಿಲ್ಲ. ಮಂಜೂರಾದ ನಕ್ಷೆಯನ್ನು ಮುಟ್ಟುವುದು ಯಾರಿಗೆ ಬೇಕು ಎಂದುಕೊಂಡೆ. ಜುಲೈನಲ್ಲಿ ಉದ್ಘಾಟನೆಯಾಯಿತು, ಫೋಟೋ ಚೆನ್ನಾಗಿ ಬಂತು.

ಡಿಸೆಂಬರ್‌ನಲ್ಲಿ ಅದೇ ದಾರಿಯಲ್ಲಿ ಹೋದಾಗ ಕಂಡದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ತಂಗುದಾಣದ ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಹನ್ನೆರಡು-ಹದಿಮೂರು ಜನ ಕಟ್ಟಡದ ಹಿಂಬದಿ, ದಕ್ಷಿಣದ ಕುರುಡು ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ನೆಲದ ಮೇಲೆ ಕೂತಿದ್ದರು. ಆ ಗೋಡೆಗೆ ಬಿಸಿಲು ಬೀಳುತ್ತಿತ್ತು. ನಾವು ಕಟ್ಟಿದ್ದರಲ್ಲಿ ಅವರಿಗೆ ಉಪಯೋಗಕ್ಕೆ ಬಂದದ್ದು ಆ ಗೋಡೆಯ ಹೊರಮೈ ಒಂದೇ.

ನಮ್ಮ ಕಡೆ ನಕ್ಷೆ ಕಲಿಯುವಾಗ ಬಿಸಿಲೆಂದರೆ ತಪ್ಪಿಸಿಕೊಳ್ಳಬೇಕಾದ ಸಂಗತಿ. ಪಶ್ಚಿಮಕ್ಕೆ ಕಿಟಕಿ ಬೇಡ, ಸಜ್ಜಾ ಮುಂದಕ್ಕೆ ಚಾಚಲಿ, ಗಾಳಿ ಆಡಲಿ. ಆ ಅಭ್ಯಾಸವೇ ಕೈಯಲ್ಲಿ ಕೂತಿರುತ್ತದೆ. ಲೇಹ್ ಇರುವುದು ಸುಮಾರು 34 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, 3,500 ಮೀಟರ್ ಎತ್ತರದಲ್ಲಿ. ಡಿಸೆಂಬರ್ ಕೊನೆಯ ನಡುಮಧ್ಯಾಹ್ನ ಅಲ್ಲಿ ಸೂರ್ಯ ದಕ್ಷಿಣದ ಆಕಾಶದಲ್ಲಿ 32 ಡಿಗ್ರಿ ಮೇಲಕ್ಕಷ್ಟೇ ಏರುತ್ತಾನೆ. ಬೆಂಗಳೂರಿನಲ್ಲಿ ಅದೇ ದಿನ ಮುಂಜಾನೆ ಒಂಬತ್ತೂಕಾಲರ ಹೊತ್ತಿಗೆ ಸೂರ್ಯ ಎಷ್ಟು ಮೇಲಿರುತ್ತಾನೋ ಅಷ್ಟು. ಅಂಥ ಓರೆ ಬಿಸಿಲು ದಕ್ಷಿಣದ ಗಾಜಿನೊಳಗಿಂದ ಕೋಣೆಯ ಹಿಂಗೋಡೆಯ ತನಕ ತಲುಪುತ್ತದೆ. ಜೂನ್‌ನಲ್ಲಿ ಅದೇ ಸೂರ್ಯ 79 ಡಿಗ್ರಿ ಮೇಲೇರುವುದರಿಂದ ಒಂದು ಸಣ್ಣ ಸಜ್ಜಾ ಇದ್ದರೆ ಸಾಕು, ಬೇಸಿಗೆಯಲ್ಲಿ ಒಳಗೆ ಬರುವುದಿಲ್ಲ. ವರ್ಷಕ್ಕೆ ಸುಮಾರು 100 ಮಿಲಿಮೀಟರ್ ಮಾತ್ರ ಮಳೆ-ಹಿಮ ಬೀಳುವ ಒಣ ಸೀಮೆ, ಆಕಾಶ ಬಹುಪಾಲು ದಿನ ನಿರ್ಮಲ. ಇಂಥ ಸಂಪತ್ತು ಎಲ್ಲ ಚಳಿನಾಡುಗಳಿಗೂ ಇಲ್ಲ.

ಇದನ್ನು ನಾನು ಕೆನಡಾದ ಎಡ್ಮಂಟನ್‌ನಲ್ಲಿ ಮಗಳ ಮನೆಯಲ್ಲಿ ಒಂದು ಚಳಿಗಾಲ ಇದ್ದಾಗ ಮನಗಂಡೆ. ಅಲ್ಲಿ ಡಿಸೆಂಬರ್‌ನ ನಡುಮಧ್ಯಾಹ್ನ ಸೂರ್ಯ ಇರುವುದು 13 ಡಿಗ್ರಿ ಎತ್ತರದಲ್ಲಿ. ಮನೆಯ ಸೂರಿನ ಮೇಲೆ ಇಣುಕಿ ಹೋದ ಹಾಗೆ. ಅವರಿಗೆ ಬಿಸಿಲನ್ನೇ ನೆಚ್ಚಿ ಕೂರುವ ಹಾಗಿಲ್ಲ. 1978ರಲ್ಲಿ ಹಗುರ ರೈಲು ಶುರುಮಾಡಿದಾಗಲೇ ಊರ ನಡುವಿನ ನಿಲ್ದಾಣಗಳನ್ನು ನೆಲದಡಿ ಇಟ್ಟರು. ಅಲ್ಲಿಂದ ಕಚೇರಿ, ಅಂಗಡಿಗಳ ತನಕ ಮುಚ್ಚಿದ ನಡಿಗೆದಾರಿಗಳಿವೆ. ಅಷ್ಟಾದರೂ 2016ರಲ್ಲಿ ಆ ನಗರ ಹೊರತಂದ ಚಳಿಗಾಲದ ವಿನ್ಯಾಸ ಕೈಪಿಡಿ ಮುಖ್ಯವಾಗಿ ಒತ್ತಿ ಹೇಳುವ ಮಾತುಗಳಲ್ಲಿ ಎರಡು ಇವು: ಗಾಳಿಗೆ ಅಡ್ಡ ಕಟ್ಟಿ, ಬಿಸಿಲನ್ನು ಹಿಡಿಯಿರಿ. 13 ಡಿಗ್ರಿಯ ಸೂರ್ಯನನ್ನೂ ಅವರು ಲೆಕ್ಕಕ್ಕೆ ಹಿಡಿದಿದ್ದಾರೆ. ನಮ್ಮ ಪಾಲಿಗೆ 32 ಡಿಗ್ರಿಯ ಸೂರ್ಯನಿದ್ದಾನೆ, ನಾವು ಗಾಜನ್ನು ಉತ್ತರಕ್ಕೆ ಇಟ್ಟು ಬಂದೆವು.

ಲದ್ದಾಖಿನಲ್ಲೇ ಇದಕ್ಕೆ ಉತ್ತರ ಕಂಡುಕೊಂಡವರಿದ್ದಾರೆ. ಲೇಹ್ ಹತ್ತಿರದ ಫೇ ಹಳ್ಳಿಯಲ್ಲಿ ಸೋನಮ್ ವಾಂಗ್ಚುಕ್ ಮತ್ತು ಸಂಗಡಿಗರ ಸೆಕ್‌ಮೋಲ್ ಶಾಲೆಯ ಮಣ್ಣಿನ ಕಟ್ಟಡಗಳನ್ನು ಹೋಗಿ ನೋಡಿ. ದಕ್ಷಿಣಕ್ಕೆ ಮುಖ, ಬಡಿದು ಗಟ್ಟಿಮಾಡಿದ ಮಣ್ಣಿನ ದಪ್ಪ ಗೋಡೆ, ಚಳಿಗಾಲದಲ್ಲಿ ಮುಂದೆ ಪಾರದರ್ಶಕ ಹಾಳೆಯ ಹಸಿರುಮನೆ. ಹೊರಗೆ ಸೊನ್ನೆಗಿಂತ 15 ಡಿಗ್ರಿ ಕೆಳಗಿದ್ದಾಗಲೂ ಒಳಗೆ 15 ಡಿಗ್ರಿಯ ಆಸುಪಾಸು ಇರುತ್ತದೆ. ಒಂದು ಕೊರಡನ್ನೂ ಸುಡಬೇಕಿಲ್ಲ. 2016ರಲ್ಲಿ ಅಲ್ಲಿನ ಮುಖ್ಯ ಕಟ್ಟಡಕ್ಕೆ ಫ್ರಾನ್ಸಿನ ಲಿಯಾನ್‌ನಲ್ಲಿ, ಮಣ್ಣಿನ ಕಟ್ಟಡಗಳಿಗೆಂದೇ ಕೊಡುವ ಟೆರ್ರಾ ಪ್ರಶಸ್ತಿ ಬಂತು.

ಹಾಗಾದರೆ ಅದನ್ನೇ ನಕಲು ಮಾಡಿ ನಿಲ್ದಾಣ ಕಟ್ಟಿದರೆ ಆಯಿತಲ್ಲ ಎನ್ನಬಹುದು. ಆಗುವುದಿಲ್ಲ. ಎರಡು ತೊಡಕುಗಳಿವೆ. ಬಹಳ ಜನ ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಒಂದು, ಹೊತ್ತು. ಮನೆಗೆ ಸಂಜೆ ಬಿಸಿ ಬೇಕು. ನಿಲ್ದಾಣಕ್ಕೆ ಬೇಕಿರುವುದು ಮುಂಜಾನೆ. ಅಲ್ಲಿ ದೂರದ ಗಾಡಿಗಳು ಹೊರಡುವುದು ನಸುಕಿನಲ್ಲಿ, ಯಾಕೆಂದರೆ ಕಣಿವೆಮಾರ್ಗವನ್ನು ಹೊತ್ತಿರುವಾಗಲೇ ದಾಟಬೇಕು. ಜನವರಿಯಲ್ಲಿ ಸೂರ್ಯ ಹುಟ್ಟುವುದು ಏಳು ದಾಟಿದ ಮೇಲೆ.

ಒಂದು ಮುಂಜಾನೆ ನುಬ್ರಾ ಕಡೆಗೆ ಹೋಗುವ ಗಾಡಿಗೆ ನಾನೂ ಕಾಯುತ್ತಿದ್ದೆ. ಆರು ಗಂಟೆ ಇರಬಹುದು. ಪಕ್ಕದಲ್ಲಿ ಒಬ್ಬ ಅಜ್ಜಿ. ಮೈಮೇಲೆ ಗೊಂಚಾ ಎಂಬ ಉಣ್ಣೆಯ ನಿಲುವಂಗಿ, ಅದರ ಮೇಲೆ ಶಾಲು, ಕಾಲ ಬಳಿ ಹಿಟ್ಟಿನ ಚೀಲ, ಮಡಿಲಲ್ಲಿ ನಾಲ್ಕೈದು ವರ್ಷದ ಮೊಮ್ಮಗ. ಹುಡುಗನ ಎರಡೂ ಪಾದಗಳನ್ನು ತನ್ನ ಗೊಂಚಾದೊಳಗೆ ತೂರಿಸಿ, ಹೊಟ್ಟೆಗೆ ಒತ್ತಿ ಹಿಡಿದಿದ್ದಳು. 'ಆಮಾ-ಲೇ, ಒಳಗೆ ಕೂತುಕೊಳ್ಳಿ' ಎಂದೆ. ಆಕೆ ತಲೆಯಾಡಿಸಿ ಗಾಡಿ ಬರುವ ದಿಕ್ಕು ತೋರಿಸಿದಳು. ಒಳಗೆ ಕೂತರೆ ಗಾಡಿ ಬಂದದ್ದು ಕಾಣುವುದಿಲ್ಲ. ಗಾಡಿ ತಪ್ಪಿದರೆ ಆ ದಿನ ಇನ್ನೊಂದಿಲ್ಲ.

ಆ ಅಜ್ಜಿಯಿಂದ ಕಲಿತದ್ದು ನನ್ನ ಕಾಲೇಜಿನಲ್ಲಿ ಇರಲಿಲ್ಲ. ಕೋಣೆ ಎಷ್ಟೇ ಬೆಚ್ಚಗಿರಲಿ, ಅಲ್ಲಿ ಕೂತವರಿಗೆ ಗಾಡಿ ಕಾಣದಿದ್ದರೆ ಜನ ಹೊರಗೇ ನಿಲ್ಲುತ್ತಾರೆ. ಒಂಟಿ ಗಾಜಿನ ಕಿಟಕಿ ಇಟ್ಟರೂ ಪ್ರಯೋಜನವಿಲ್ಲ. ಒಳಗಿನವರ ಉಸಿರೇ ಗಾಜಿನ ಮೇಲೆ ಹೆಪ್ಪುಗಟ್ಟಿ ಅರ್ಧ ತಾಸಿನಲ್ಲಿ ಬಿಳಿ ಗೋಡೆಯಾಗುತ್ತದೆ. ಜೋಡಿ ಗಾಜು ಬೇಕು, ಕೂತವರ ಕಣ್ಣಿನ ಮಟ್ಟಕ್ಕೆ ಬೇಕು, ಗಾಡಿ ನಿಲ್ಲುವ ಕಡೆಗೆ ಬೇಕು. ಜೊತೆಗೆ ಒಬ್ಬ ಮನುಷ್ಯ ಲದ್ದಾಖಿಯಲ್ಲಿ, ಹಿಂದಿಯಲ್ಲಿ ಕೂಗಿ ಹೇಳುವ ಧ್ವನಿವರ್ಧಕ ಬೇಕು. ಮೊಬೈಲ್ ಆ್ಯಪ್ ಸಾಕು ಎನ್ನಬೇಡಿ. ಆ ಚಳಿಯಲ್ಲಿ ಫೋನಿನ ಬ್ಯಾಟರಿ ನೋಡನೋಡುತ್ತ ಇಳಿಯುತ್ತದೆ, ಕೈಗವಸು ತೆಗೆದರೆ ಬೆರಳು ಮರಗಟ್ಟುತ್ತದೆ.

ಮತ್ತೆ ಹೊತ್ತಿನ ಮಾತಿಗೆ ಬರುತ್ತೇನೆ. ಆರು ಗಂಟೆಯವರಿಗೆ ಕೊಡಬೇಕಾದದ್ದು ನಿನ್ನೆಯ ಬಿಸಿಲನ್ನು. ಒಂದು ಅಡಿಗಿಂತ ದಪ್ಪದ ಮಣ್ಣಿನ ಗೋಡೆಯ ಹೊರಮೈಗೆ ಬಿದ್ದ ಬಿಸಿ ಒಳಮೈಗೆ ಬರಲು ಎಂಟು-ಹತ್ತು ತಾಸು ಹಿಡಿಯುತ್ತದೆ. ಅಂದರೆ ಮಧ್ಯಾಹ್ನದ ಬಿಸಿಲು ರಾತ್ರಿ ಒಂಬತ್ತು-ಹತ್ತಕ್ಕೆ ಒಳಗೆ ಇಳಿಯುತ್ತದೆ. ಅಲ್ಲಿಂದ ಮುಂಜಾನೆಯ ತನಕ ಅದನ್ನು ಕಾಪಾಡಿಕೊಳ್ಳುವುದೇ ಕೆಲಸ. ಉತ್ತರ, ಪೂರ್ವ, ಪಶ್ಚಿಮದ ಗೋಡೆಗಳಿಗೂ ಚಾವಣಿಗೂ ದಪ್ಪ ನಿರೋಧಕ ಪದರ ಕೊಡಿ, ನೆಲದ ಕೆಳಗೂ ಕೊಡಿ. ಹಗಲಲ್ಲಿ ಬಿಸಿಲು ತಂದ ಅದೇ ಗಾಜು ರಾತ್ರಿ ಬಿಸಿಯನ್ನು ಹೊರಗೆ ಚೆಲ್ಲುತ್ತದೆ. ಆದ್ದರಿಂದ ಸೂರ್ಯ ಮುಳುಗುತ್ತಲೇ ಗಾಜಿನ ಮೇಲೆ ರಜಾಯಿಯಂಥ ದಪ್ಪ ಪರದೆ ಎಳೆಯಬೇಕು. ಎಳೆಯುವುದು ಯಾರ ಕೆಲಸ ಎಂದು ನೌಕರರ ಪಟ್ಟಿಯಲ್ಲಿ ಬರೆದಿರಬೇಕು. ಇದು ಸಣ್ಣ ವಿಷಯ ಎನಿಸಬಹುದು. ಹತ್ತು ದಿನ ಪರದೆ ಎಳೆಯದೆ ಬಿಟ್ಟರೆ ಲಕ್ಷಗಟ್ಟಲೆ ಸುರಿದು ಕಟ್ಟಿದ ಗೋಡೆ ತಣ್ಣಗಾಗುತ್ತದೆ.

ಎರಡನೆಯ ತೊಡಕು ಬಾಗಿಲು. ಶಾಲೆಯ ಬಾಗಿಲು ದಿನಕ್ಕೆ ಎಷ್ಟು ಸಲ ತೆರೆದೀತು? ನಿಲ್ದಾಣದ ಬಾಗಿಲಿಗೆ ವಿರಾಮವೇ ಇಲ್ಲ. ಬರುವವರ ಎರಡೂ ಕೈಯಲ್ಲಿ ಗಂಟು, ಬೆನ್ನಿಗೆ ಮಗು. ಒಬ್ಬರು ಬಾಗಿಲು ಹಿಡಿದು ನಿಂತರೆ ಹಿಂದಿನ ಐದು ಜನ ದಾಟುತ್ತಾರೆ. ಅಷ್ಟರಲ್ಲಿ ಬಿಸಿಗಾಳಿ ಬಾಗಿಲಿನ ಮೇಲ್ಭಾಗದಿಂದ ಹೊರಗೆ ಹರಿದುಹೋಗುತ್ತದೆ, ತಣ್ಣನೆಯ ಗಾಳಿ ನೀರು ನುಗ್ಗಿದ ಹಾಗೆ ಕೆಳಗಿನಿಂದ ಬಂದು ಕೂತವರ ಕಾಲು ಕಚ್ಚುತ್ತದೆ. ಹೀಟರ್ ಎಷ್ಟಿಟ್ಟರೂ ಬಿರುಕು ಬಿಟ್ಟ ಕೊಡಕ್ಕೆ ನೀರು ಹೊಯ್ದ ಹಾಗೆ.

ಜೋಡಿ ಬಾಗಿಲು ಇಡಿ ಎಂದರೆ ಎಲ್ಲರೂ ಇಡುತ್ತಾರೆ, ಆದರೆ ನಡುವೆ ನಾಲ್ಕಡಿ ಜಾಗ ಬಿಡುತ್ತಾರೆ. ಗಂಟುಮೂಟೆ ಹೊತ್ತವರು ಅಲ್ಲಿ ಎರಡೂ ಬಾಗಿಲುಗಳನ್ನು ಒಟ್ಟಿಗೆ ತೆರೆದೇ ದಾಟಬೇಕು. ಮೊದಲನೆಯದು ಮುಚ್ಚಿಕೊಂಡ ಮೇಲೆ ಎರಡನೆಯದು ತೆರೆಯುವಷ್ಟು ಉದ್ದದ ಪಡಸಾಲೆ ಬೇಕು. ಎರಡೂ ಬಾಗಿಲು ಎದುರುಬದುರು ಇರದೆ, ನಡುವೆ ಒಂದು ತಿರುವು ಇರಬೇಕು. ಗಾಳಿ ಬೀಸುವ ದಿಕ್ಕಿಗೆ ಹೊರಬಾಗಿಲು ಬೆನ್ನು ಮಾಡಿರಬೇಕು. ಪಡಸಾಲೆಯ ನೆಲ ಒಳಗಿನ ನೆಲಕ್ಕಿಂತ ತಗ್ಗಿರಲಿ, ಇಳಿಜಾರಿನಲ್ಲಿ ಏರಿ ಒಳಗೆ ಬರುವಂತಿರಲಿ. ತಣ್ಣನೆಯ ಗಾಳಿ ಭಾರ, ಅದು ತಗ್ಗಿನಲ್ಲೇ ಉಳಿಯುತ್ತದೆ. ಉತ್ತರ ಧ್ರುವದ ಸುತ್ತಲ ಸೀಮೆಯ ಇನುಯಿಟ್ ಜನ ಹಿಮದ ಗುಡಿಸಲಿಗೆ ಬಾಗಿಲನ್ನು ತಗ್ಗಿನಲ್ಲಿ ಇಡುತ್ತಿದ್ದದ್ದು ಇದೇ ಕಾರಣಕ್ಕೆ. ಇಳಿಜಾರು ಇದ್ದರೆ ಗಾಲಿಕುರ್ಚಿಯವರಿಗೂ ತೊಂದರೆಯಿಲ್ಲ. ದುಡ್ಡು ಕಡಿಮೆಯಿದ್ದರೆ ಚೀನಾದ ಹಾರ್ಬಿನ್ ಕಡೆಯವರು ಅಂಗಡಿ ಬಾಗಿಲಿಗೆ ತೂಗುಬಿಡುವಂಥ ಹತ್ತಿ ತುಂಬಿದ ಭಾರದ ಪರದೆ ಹಾಕಿ. ಭುಜದಿಂದ ತಳ್ಳಿ ಒಳಗೆ ಬಂದರೆ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ.

ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ 2005ರಲ್ಲಿ ತೆರೆದ ಕಾಂಪಿ ಬಸ್ ನಿಲ್ದಾಣ ಇನ್ನೂ ಒಂದು ಹೆಜ್ಜೆ ಮುಂದಿದೆ. ಬಸ್ಸುಗಳು ನಿಲ್ಲುವುದು ನೆಲದಡಿಯಲ್ಲಿ, ಪ್ರಯಾಣಿಕರು ಇರುವುದು ಬೇರೆ ಹಜಾರದಲ್ಲಿ, ನಡುವೆ ಗಾಜಿನ ಗೇಟುಗಳು. ಲೇಹ್‌ಗೆ ಅಷ್ಟು ದೊಡ್ಡದು ಬೇಡ, ಅದರ ಹಿಂದಿನ ವಿಚಾರ ಸಾಕು. ಗಾಡಿಯ ಹೊಗೆಗೂ ಜನರ ಉಸಿರಿಗೂ ನಡುವೆ ಗೋಡೆ ಇರಲಿ, ಗಾಡಿ ಬಂದು ನಿಂತ ಮೇಲೆ ಮಾತ್ರ ಅದರ ಎದುರಿನ ಬಾಗಿಲು ತೆರೆಯಲಿ.

ಹೊಗೆಯ ವಿಷಯ ಬಂದಾಗ ಚಾಲಕರ ಕಷ್ಟವನ್ನೂ ಹೇಳಬೇಕು. ಮಾಮೂಲಿ ಡೀಸೆಲ್ ಆ ಚಳಿಗೆ ಮಂದವಾಗಿ ಗಟ್ಟಿಯಾಗುತ್ತದೆ. ಎಷ್ಟೋ ಮುಂಜಾನೆ ಚಾಲಕರು ಸ್ಟವ್ ಹಚ್ಚಿ ಎಂಜಿನ್ ಕೆಳಗೆ ಇಡುವುದನ್ನು ನೋಡಿದ್ದೇನೆ. ನೋಡಿದರೆ ಎದೆ ನಡುಗುತ್ತದೆ. ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹರಿಯುವ ಚಳಿಗಾಲದ ಡೀಸೆಲನ್ನು ಇಂಡಿಯನ್ ಆಯಿಲ್ 2019ರ ನವೆಂಬರ್‌ನಲ್ಲಿ ಲದ್ದಾಖಿಗೆ ತಂದಿತು, ಒಳ್ಳೆಯದಾಯಿತು. ಆದರೂ ಒಮ್ಮೆ ಆರಿಸಿದರೆ ಮತ್ತೆ ಹತ್ತೀತೋ ಇಲ್ಲವೋ ಎಂದು ಎಂಜಿನ್ನನ್ನು ಚಾಲೂ ಇಟ್ಟೇ ನಿಲ್ಲಿಸುತ್ತಾರೆ. ಎಡ್ಮಂಟನ್‌ನಲ್ಲಿ ಮಗಳ ಮನೆಯ ಕಾರು ನಿಲ್ಲಿಸುವ ಜಾಗದಲ್ಲಿ ಕಂಬಕ್ಕೊಂದು ವಿದ್ಯುತ್ ಸಾಕೆಟ್ ಇತ್ತು. ಮೊದಲು ಅದು ಯಾಕೆಂದು ತಿಳಿಯಲಿಲ್ಲ. ರಾತ್ರಿ ಕಾರಿನ ಮೂತಿಯಿಂದ ಒಂದು ವೈರು ಎಳೆದು ಅದಕ್ಕೆ ಸಿಕ್ಕಿಸುತ್ತಾರೆ, ಎಂಜಿನ್ ಬೆಚ್ಚಗಿರುತ್ತದೆ, ಬೆಳಿಗ್ಗೆ ಒಂದೇ ಸಲಕ್ಕೆ ಚಾಲೂ ಆಗುತ್ತದೆ. ಲೇಹ್‌ನ ನಿಲ್ದಾಣದಲ್ಲಿ ಪ್ರತಿ ಬಸ್ಸಿನ ಜಾಗಕ್ಕೂ ಒಂದು ಸಾಕೆಟ್ ಕೊಡಿ. 2019ರಿಂದ ಶ್ರೀನಗರದ ಕಡೆಯಿಂದ ದೊಡ್ಡ ವಿದ್ಯುತ್ ಮಾರ್ಗವೂ ಬಂದಿದೆ.

ಕೋಣೆ ಬೆಚ್ಚಗಿಡಲು ಉರಿಸುವ ಬುಖಾರಿ ಎಂಬ ಒಲೆಯ ಬಗ್ಗೆಯೂ ಎಚ್ಚರ ಬೇಕು. ಬೆಚ್ಚಗಿರಲೆಂದು ಕೋಣೆಯನ್ನು ಬಿಗಿಯಾಗಿ ಮುಚ್ಚಿ, ಒಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟರೆ ವಿಷಾನಿಲ ತುಂಬುತ್ತದೆ. ಆ ಎತ್ತರದಲ್ಲಿ ಉಸಿರಿಗೆ ಸಿಗುವ ಆಮ್ಲಜನಕವೇ ಸಮುದ್ರಮಟ್ಟಕ್ಕಿಂತ ಮೂರನೇ ಒಂದು ಪಾಲು ಕಡಿಮೆ. ಒಲೆ ಇಡುವುದಾದರೆ ಹೊಗೆಕೊಳವೆ ಹೊರಗೆ ಹೋಗಲೇಬೇಕು, ಒಲೆಗೆ ಬೇಕಾದ ಗಾಳಿಯೂ ಹೊರಗಿನಿಂದಲೇ ಬರಬೇಕು.

ದೊಡ್ಡ ಹಜಾರ ಕಟ್ಟುವ ಆಸೆಯನ್ನು ದಯವಿಟ್ಟು ಬಿಡಿ. ನನ್ನ ಅಜ್ಜಿಯ ಊರು ಶಿರಸಿ ಕಡೆ. ಜಡಿಮಳೆಯಲ್ಲಿ ಅಷ್ಟು ದೊಡ್ಡ ಮನೆಯಲ್ಲಿ ನಾವೆಲ್ಲ ಸೇರುತ್ತಿದ್ದದ್ದು ಬಚ್ಚಲೊಲೆಯ ಮುಂದೆ. ಲದ್ದಾಖಿನ ಮನೆಗಳಲ್ಲೂ ಚಳಿಗಾಲ ಪೂರ್ತಿ ಬದುಕು ಒಲೆಯಿರುವ ಒಂದು ಕೋಣೆಗೆ ಇಳಿಯುತ್ತದೆ. ನಿಲ್ದಾಣವೂ ಹಾಗಿರಲಿ. ನಲವತ್ತು-ಐವತ್ತು ಜನ ಕೂರುವ, ತಗ್ಗು ಚಾವಣಿಯ ಒಂದು ಬೆಚ್ಚನೆಯ ಕೋಣೆ ನಡುವೆ, ಅದರ ಸುತ್ತ ಟಿಕೆಟ್ ಕಿಂಡಿ, ಸಾಮಾನು ಕೋಣೆ, ಅಂಗಡಿ. ಬೇಸಿಗೆಯ ಪ್ರವಾಸಿಗರಿಗೆ ಹೊರಗೆ ನೆರಳಿನ ಚಪ್ಪರ ಸಾಕು. ಒಳಗೆ ವಿಮಾನ ನಿಲ್ದಾಣದಂತೆ 22 ಡಿಗ್ರಿ ಬೇಡ. ಜನ ಗೊಂಚಾ, ಕೋಟು ತೊಟ್ಟೇ ಬರುತ್ತಾರೆ, 10-12 ಡಿಗ್ರಿ ಇದ್ದರೆ ಹಾಯಾಗಿರುತ್ತಾರೆ. ಬೆವರಿ ಹೊರಗೆ ಹೋದರೆ ಆ ಬೆವರೇ ಮೈ ಕೊರೆಯುತ್ತದೆ. ಬೆಂಚು ಮರದ್ದಿರಲಿ, ಬಾಗಿಲ ಹಿಡಿಕೆಗೂ ಮರ ಅಥವಾ ಹಗ್ಗ ಸುತ್ತಿರಲಿ. ನೆಲಕ್ಕೆ ಪಾಲಿಶ್ ಗ್ರಾನೈಟ್ ಬೇಡವೇ ಬೇಡ. ನಮ್ಮ ಶಹಾಬಾದ್ ಫರಸಿಯ ಹಾಗೆ ಕಾಲಿಗೆ ಹಿಡಿತ ಕೊಡುವ ಒರಟು ಕಲ್ಲು ಅಲ್ಲೇ ಸಿಗುತ್ತದೆ.

ಶೌಚಾಲಯದ ಬಗ್ಗೆ ಯಾರೂ ಬರೆಯುವುದಿಲ್ಲ, ನಾನು ಬರೆಯುತ್ತೇನೆ. ಚಳಿಗಾಲದಲ್ಲಿ ನಲ್ಲಿಯ ನೀರು ಕೊಳವೆಯಲ್ಲೇ ಕಲ್ಲಾಗುತ್ತದೆ, ಕೊಳವೆ ಒಡೆಯುತ್ತದೆ, ಶೌಚಾಲಯಕ್ಕೆ ಬೀಗ ಬೀಳುತ್ತದೆ. ಆಗ ಹೆಣ್ಣುಮಕ್ಕಳು ಏನು ಮಾಡುತ್ತಾರೆ? ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ಆ ಎತ್ತರದಲ್ಲಿ, ಆ ಒಣಗಾಳಿಯಲ್ಲಿ ನೀರು ಕುಡಿಯದೆ ಐದಾರು ತಾಸು ಪ್ರಯಾಣ. ಲದ್ದಾಖಿನ ಹಳೆಯ ಮನೆಗಳಲ್ಲಿ ನೀರೇ ಬೇಡದ ಶೌಚ ಇದೆ: ಮೇಲಂತಸ್ತಿನಲ್ಲಿ ಕಿಂಡಿ, ಮೇಲಿಂದ ಒಂದು ಸಲಿಕೆ ಮಣ್ಣು, ಕೆಳಗೆ ಗೊಬ್ಬರ. ಅದನ್ನೇ ಚೊಕ್ಕವಾಗಿ, ದೀಪ ಹಾಕಿ, ಒಳಗಿನಿಂದಲೇ ಹೋಗುವಂತೆ ಕಟ್ಟಿ. ಫ್ಲಶ್ ಬೇಕೇ ಬೇಕು ಎಂದರೆ ಕೊಳವೆಗಳೆಲ್ಲ ಬೆಚ್ಚನೆಯ ಕೋಣೆಯ ಗೋಡೆಯ ಒಳಬದಿಯಲ್ಲೇ ಓಡಲಿ.

ಜಾಗ ಆರಿಸುವಾಗ 2010ರ ಆಗಸ್ಟ್ 5-6ರ ನಡುರಾತ್ರಿಯನ್ನು ನೆನಪಿಡಿ. ಮೇಘಸ್ಫೋಟದ ಕೆಸರು ನುಗ್ಗಿ ನೂರಾರು ಜನ ಸತ್ತ ಆ ರಾತ್ರಿ ಲೇಹ್‌ನ ಬಸ್ ನಿಲ್ದಾಣವೂ ಕೊಚ್ಚಿಹೋಯಿತು. ಒಣಗಿ ಬಿದ್ದ ಹಳ್ಳವನ್ನು ಖಾಲಿ ಜಾಗ ಎಂದು ನಕ್ಷೆಯಲ್ಲಿ ಗುರುತು ಹಾಕಬೇಡಿ. ಜೊತೆಗೆ ಡಿಸೆಂಬರ್‌ನಲ್ಲಿ ಒಂದು ಪೂರ್ತಿ ದಿನ ಆ ಜಾಗದಲ್ಲಿ ನಿಂತು, ಯಾವ ಕಟ್ಟಡದ, ಯಾವ ಬೆಟ್ಟದ ನೆರಳು ಎಷ್ಟು ಹೊತ್ತಿಗೆ ಬೀಳುತ್ತದೆ ಎಂದು ಬರೆದುಕೊಂಡು ಬನ್ನಿ. ಜುಲೈನಲ್ಲಿ ಸರ್ವೆ ಮಾಡಿದರೆ ಅದು ತಿಳಿಯುವುದಿಲ್ಲ.

ಕೊನೆಗೆ ಅಧಿಕಾರಿಗಳಲ್ಲಿ ಒಂದೇ ಕೋರಿಕೆ. ಟೆಂಡರಿನಲ್ಲಿ ಒಂದು ಷರತ್ತು ಸೇರಿಸಿ. ಕಟ್ಟಡವನ್ನು ವಹಿಸಿಕೊಳ್ಳುವುದು ಜನವರಿಯಲ್ಲಿ. ಮೂರು ದಿನ ಎಂದಿನಂತೆ ಜನ ಓಡಾಡಲಿ, ಬಾಗಿಲು ಎಂದಿನಂತೆ ತೆರೆಯಲಿ, ಮುಚ್ಚಲಿ. ಒಲೆ ಹಚ್ಚಬಾರದು. ನಾಲ್ಕನೆಯ ದಿನ ಮುಂಜಾನೆ ಆರಕ್ಕೆ ಬೆಂಚಿನ ಮೇಲೆ ಕೂತ ಮಗುವಿನ ಪಾದದ ಎತ್ತರದಲ್ಲಿ ಉಷ್ಣಮಾಪಕ ಇಟ್ಟು ನೋಡಿ. 10 ಡಿಗ್ರಿ ತೋರಿಸಿದರೆ ಗುತ್ತಿಗೆದಾರರ ಕೊನೆಯ ಬಿಲ್ಲಿಗೆ ಸಹಿ ಹಾಕಿ. ತೋರಿಸದಿದ್ದರೆ ತಡೆಹಿಡಿಯಿರಿ, ಸರಿಪಡಿಸಲಿ. ಆ ಮುಂಜಾನೆ ನಕ್ಷೆ ಹಾಕಿದವರೂ ಬೆಂಗಳೂರಿನಿಂದ ಬಂದು ಅಲ್ಲಿ ಕೂತಿರಬೇಕು. ಕರೆದರೆ ನಾನೂ ಬರುತ್ತೇನೆ, ಬೆಂಚಿನ ಒಂದು ತುದಿಯಲ್ಲಿ ಜಾಗ ಕೊಟ್ಟರೆ ಸಾಕು.

ಇತಿ,
ಧಾರವಾಡದ ಒಬ್ಬ ನಿವೃತ್ತ ಸಿವಿಲ್ ಎಂಜಿನಿಯರ್